ಒಬ್ದುಲಿಯಾ ಹೇಳಿದ ತೂಕ

ಅಲ್ವರಾದೊ ಊರಿನ ದೋಣಿ ಧಕ್ಕೆಯಲ್ಲಿ ಒಬ್ದುಲಿಯಾ ಸಮುದಿಯೊಗೆ ಹೆದರದವರು ಇಬ್ಬರೇ ಇದ್ದೆವು. ಒಬ್ಬ, ಅವಳು ಮನೆಯಿಂದ ಹೊರಗೆ ಹಾಕಿದ ಗಂಡ ಕಾಸ್ತೊ. ಇನ್ನೊಬ್ಬ, ದೋಣಿ ಎಂಜಿನ್ ರಿಪೇರಿ ಮಾಡುವ ನಾನು, ಸೆವೆರೊ. ನಾನು ಹೆದರದೆ ಇದ್ದದ್ದಕ್ಕೆ ಧೈರ್ಯ ಕಾರಣವಲ್ಲ. ಜ್ಞಾನಸ್ನಾನದ ದಿನ ನನ್ನ ಮಗಳನ್ನು ಕೈಯಲ್ಲಿ ಎತ್ತಿ ಹಿಡಿದವಳು ಒಬ್ದುಲಿಯಾ. ಅಂದಿನಿಂದ ನಾನು ಅವಳಿಗೆ ಕೊಂಪಾದ್ರೆ, ಅವಳು ನನಗೆ ಕೊಮಾದ್ರೆ. ನಮ್ಮ ಕಡೆ ಗಂಡ ಹೆಂಡಿರ ನಂಟು ಕಡಿದರೂ ಕಡಿಯಬಹುದು, ಈ ನಂಟು ಕಡಿಯುವುದಿಲ್ಲ. ಬೈಯುವುದಿದ್ದರೂ ಬಹುವಚನದಲ್ಲೇ ಬೈಯಬೇಕು.

ಧಕ್ಕೆಯ ತುದಿಯಲ್ಲಿದ್ದ ದೊಡ್ಡ ಕೊಕ್ಕೆ ತಕ್ಕಡಿ ಅವಳ ಅಪ್ಪನದು. ಅಪ್ಪ ತೀರಿಕೊಂಡ ಮೇಲೆ ಅದು ಅವಳಿಗೆ ಬಂತು. ಪ್ರತಿ ವರ್ಷ ಮೇ ತಿಂಗಳಲ್ಲಿ ಸಾಬಲೊ ಮೀನಿನ ಪಂದ್ಯ ನಡೆದಾಗ ದೋಣಿಗಳು ತಂದ ಮೀನನ್ನೆಲ್ಲ ತೂಗುವವಳು ಅವಳೇ. ಸಾಬಲೊ ಅಂದರೆ ಅಂಗೈಯಗಲದ ಬೆಳ್ಳಿ ಹುರುಪೆಗಳ, ಆಳೆತ್ತರದ ಮೀನು. ಕೆಳದವಡೆಯನ್ನು ಮುಂದಕ್ಕೆ ಚಾಚಿಕೊಂಡು ಸದಾ ಯಾರ ಮೇಲೋ ಮುನಿಸಿಕೊಂಡ ಹಾಗೆ ಕಾಣುತ್ತದೆ. ಅದನ್ನು ಹಗ್ಗ ಕಟ್ಟಿ ಮೇಲೆತ್ತಿದಾಗ, ತಕ್ಕಡಿಯ ಮುಳ್ಳು ಇನ್ನೂ ಅತ್ತಿತ್ತ ಓಲಾಡುತ್ತಿರುವಾಗಲೇ ಒಬ್ದುಲಿಯಾ ಸೊಂಟದ ಮೇಲೆ ಕೈಯಿಟ್ಟು "ಅರವತ್ತೆರಡು" ಅನ್ನುತ್ತಿದ್ದಳು. ಮುಳ್ಳು ಆಮೇಲೆ ಬಂದು ಅರವತ್ತೆರಡಕ್ಕೆ ನಿಲ್ಲುತ್ತಿತ್ತು. ಒಂದೆರಡು ಕಿಲೊ ಹೆಚ್ಚು ಕಡಿಮೆಯಾದರೆ ಅವಳು ಅನುಮಾನದಿಂದ ನೋಡುತ್ತಿದ್ದದ್ದು ತಕ್ಕಡಿಯನ್ನು.

ಮೀನಿಗೇ ನಿಲ್ಲಿಸಿದ್ದರೆ ಊರಿನವರು ಬದುಕಿಕೊಳ್ಳುತ್ತಿದ್ದರು. ಅವಳು ಮನುಷ್ಯರನ್ನೂ ಬಿಡುತ್ತಿರಲಿಲ್ಲ. ಭಾನುವಾರ ಚರ್ಚಿನ ಬಾಗಿಲಲ್ಲಿ ಪಾದ್ರಿಗಳ ಕೈಗೆ ಮುತ್ತಿಟ್ಟು, "ಫಾದರ್, ಉಪವಾಸದ ತಿಂಗಳಲ್ಲೂ ಎರಡು ಕಿಲೊ ಏರಿದ್ದೀರಲ್ಲ, ಇದೇನು ಪವಾಡ?" ಅಂತ ಕೇಳಿದವಳು. ಮದುವೆಮನೆಯಲ್ಲಿ ಹುಡುಗಿಯನ್ನು ಕಂಡು "ಐವತ್ತಾರು, ಬಟ್ಟೆ ಬಿಟ್ಟು" ಅಂದವಳು. ನನ್ನನ್ನು ಕಂಡಾಗಲೆಲ್ಲ ತಲೆ ಅಲ್ಲಾಡಿಸುತ್ತಿದ್ದಳೇ ಹೊರತು ಸಂಖ್ಯೆ ಹೇಳುತ್ತಿರಲಿಲ್ಲ. ಅದನ್ನು ನಾನು ಕೊಂಪಾದ್ರೆಗೆ ಸಿಗುವ ಮರ್ಯಾದೆ ಎಂದುಕೊಂಡಿದ್ದೆ.

ಪಂದ್ಯದಲ್ಲಿ ಹಿಡಿದ ಸಾಬಲೊಗಳ ಫೋಟೊ ತೆಗೆದಾದ ಮೇಲೆ ಅವುಗಳಿಂದ ದೊಡ್ಡ ಉಪಯೋಗವೇನೂ ಇರಲಿಲ್ಲ. ತಿನ್ನಹೋದರೆ ಬಾಯ್ತುಂಬ ಮುಳ್ಳು. ಸ್ವಲ್ಪ ಮಾಂಸವನ್ನು ಬಡವರ ಮನೆಗಳಿಗೆ ಹಂಚುತ್ತಿದ್ದರು, ಹುರುಪೆಗಳನ್ನು ಅಲಂಕಾರದ ಹೂವು ಮಾಡುವ ಹೆಂಗಸರು ಒಯ್ಯುತ್ತಿದ್ದರು, ಉಳಿದದ್ದು ಹೆಜ್ಜಾರ್ಲೆ ಹಕ್ಕಿಗಳ ಪಾಲು. ಹೀಗೇ ಎಷ್ಟೋ ವರ್ಷ ನಡೆಯಿತು. ಆಮೇಲೆ ಮೀನು ಕಡಿಮೆಯಾಗುತ್ತ ಬಂತು. ಒಂದು ಮೇ ತಿಂಗಳಲ್ಲಿ ಅರ್ಧಕ್ಕರ್ಧ ದೋಣಿಗಳು ಬರಿಗೈಯಲ್ಲಿ ಮರಳಿದವು. ಆ ಸಂಜೆಯೇ ಪಂದ್ಯ ನಡೆಸುವ ಕ್ಲಬ್ಬಿನ ಅಧ್ಯಕ್ಷ, ಔಷಧಿ ಅಂಗಡಿಯ ಅಬುಂದಿಯೊ ತೆಹೆದಾ, ಎಲ್ಲರನ್ನೂ ಕರೆದು ಹೇಳಿಬಿಟ್ಟ: ಬರುವ ವರ್ಷದಿಂದ ಒಂದು ಮೀನನ್ನೂ ನೇತುಹಾಕುವಂತಿಲ್ಲ. ನೀರಿನಲ್ಲೇ ಟೇಪು ಹಿಡಿದು ಅಳೆದು, ಲೆಕ್ಕದಲ್ಲಿ ತೂಕ ಕಂಡುಹಿಡಿದು, ಬಿಟ್ಟುಬಿಡಬೇಕು.

ಮರುದಿನ ಬೆಳಿಗ್ಗೆ ಒಬ್ದುಲಿಯಾ ಔಷಧಿ ಅಂಗಡಿಗೆ ನುಗ್ಗಿದಳು. ತಲೆನೋವಿನ ಮಾತ್ರೆಗೆಂದು ಹೋದ ನಾನು ಅಲ್ಲೇ ಇದ್ದೆ.

"ಬಟ್ಟೆ ಹೊಲಿಯೋ ಟೇಪಲ್ಲಿ ಮೀನು ತೂಗ್ತೀರಂತೆ. ನಾಳೆ ಗಡಿಯಾರದಲ್ಲಿ ಅಕ್ಕಿ ಅಳೀತೀರಾ, ದೊನ್ ಅಬುಂದಿಯೊ?"

ಅಬುಂದಿಯೊ ಮೆದು ಮಾತಿನ, ದುಂಡನೆಯ ಮನುಷ್ಯ. "ಉದ್ದ, ಸುತ್ತಳತೆ ಎರಡೂ ಸಿಕ್ಕಿದ್ರೆ ತೂಕ ಸಿಗುತ್ತೆ, ದೊನ್ಯಾ. ಸುತ್ತಳತೇನ ಅದರಿಂದಲೇ ಗುಣಿಸಿ. ಬಂದಿದ್ದನ್ನ ಉದ್ದದಿಂದ ಗುಣಿಸಿ. ಆಮೇಲೆ ಇಪ್ಪತ್ತೊಂಬತ್ತು ಸಾವಿರದಿಂದ ಭಾಗಿಸಿ. ಸೆಂಟಿಮೀಟರಲ್ಲಿ ಅಳೆದಿದ್ರೆ ಕಿಲೊ ಬರುತ್ತೆ. ಹೆಚ್ಚು ಕಡಿಮೆ ಸರಿಯಾಗೇ ಬರುತ್ತೆ."

"ಈಚೆ ಬನ್ನಿ. ನಿಂತ್ಕೊಳಿ."

ಅವನು ಬಂದು ನಿಂತ. ಅವಳು ಅವನದೇ ಟೇಪಿನಿಂದ ಅವನ ಹೊಟ್ಟೆ ಅಳೆದಳು, ತಲೆಯಿಂದ ಕಾಲಿನವರೆಗೆ ಅಳೆದಳು. ಲೆಕ್ಕದ ಯಂತ್ರ ಒತ್ತುವ ಕೆಲಸ ನನಗೆ ಬಂತು. ಅರವತ್ತೊಂಬತ್ತು ಬಂತು. ಆಮೇಲೆ ಅವನನ್ನು ಅಂಗಡಿಯ ತೂಕದ ಯಂತ್ರದ ಮೇಲೆ ಹತ್ತಿಸಿದಳು. ಮುಳ್ಳು ಎಂಬತ್ತೇಳಕ್ಕೆ ಹೋಯಿತು. ಮಾತ್ರೆಗೆ ಕಾದಿದ್ದ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

"ಹದಿನೆಂಟು ಕಿಲೊ ಎಲ್ಲಿ ಹೋಯ್ತು, ದೊನ್ ಅಬುಂದಿಯೊ? ಟೇಪು ತಿಂದ್ಕೊಳ್ತಾ?"

"ಈ ಲೆಕ್ಕ ಮೀನಿಂದು, ದೊನ್ಯಾ. ಮೀನು ಎರಡು ತುದೀಲೂ ಸಣ್ಣಗಾಗುತ್ತೆ. ನಾನು ಯಾವ ತುದೀಲೂ ಆಗಲಿಲ್ಲ."

ಒಬ್ದುಲಿಯಾ ನಕ್ಕುಬಿಟ್ಟಳು. ಅವಳು ನಕ್ಕಳೆಂದರೆ ಅರ್ಧ ಒಪ್ಪಿದ ಹಾಗೆ. ಉಳಿದರ್ಧವನ್ನು ಅಬುಂದಿಯೊ ಅಲ್ಲೇ ಗೆದ್ದ. "ಟೇಪು ಸುಳ್ಳು ಹೇಳಲ್ಲ, ಹಿಡಿದೋರು ಹೇಳ್ತಾರೆ. ಕ್ರಿಸೊಫೊರೊ ತನ್ನ ಭಾವಮೈದ ಹಿಡೀಲಿ ಅಂತಿದ್ದಾನೆ," ಅಂದ. ಕ್ರಿಸೊಫೊರೊ ಲಾರಾ ಅಂದರೆ ಮಾರ್ಕೆಟ್ಟಿನ ಮಾಂಸದಂಗಡಿಯವನು. ಪಂದ್ಯವನ್ನು ಬೇರೆ ಯಾರಾದರೂ ಗೆದ್ದರೆ ಅದನ್ನು ಕಳ್ಳತನ ಎಂದೇ ತಿಳಿದಿದ್ದ ಮನುಷ್ಯ.

"ಭಾವಮೈದ ಹಿಡಿದ್ರೆ ಹಾವುಮೀನೂ ನೂರು ಕಿಲೊ ತೂಗುತ್ತೆ," ಅಂದವಳೇ ಟೇಪನ್ನು ಸುರುಳಿ ಸುತ್ತಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಅಂಗಡಿಯಿಂದ ಹೊರಡುವಾಗ ನನ್ನ ಕಡೆ ತಿರುಗಿ, "ಕೊಂಪಾದ್ರೆ, ಮೇ ತಿಂಗಳಿಗೆ ನಿಮ್ಮ ದೋಣಿ ನನಗೆ ಬೇಕು. ನೀವೂ ಬೇಕು, ಆದ್ರೆ ದೋಣಿಯಷ್ಟಲ್ಲ," ಅಂದಳು.

ಆ ಮೇ ತಿಂಗಳಿನಲ್ಲಿ ನಾವು ಅಳೆಯುವವರ ಗುರುತಿನ ಹಳದಿ ಬಾವುಟ ಕಟ್ಟಿಕೊಂಡು ಅಳಿವೆಯ ಬಾಯಲ್ಲಿ ಕಾದೆವು. ನದಿಯ ಕೆಂಪು ನೀರು ಕಡಲಿನ ಹಸಿರಿಗೆ ಸೇರುವ ಗೆರೆಯ ಮೇಲೆ ಪಂದ್ಯದ ದೋಣಿಗಳು ತೇಲುತ್ತಿದ್ದವು. ಯಾರದಾದರೂ ಗಾಳಕ್ಕೆ ಬಿದ್ದ ಮೀನು ದೋಣಿಯ ಪಕ್ಕಕ್ಕೆ ಬಂದರೆ ರೇಡಿಯೊದಲ್ಲಿ ಕೂಗು ಬರುತ್ತಿತ್ತು. ನಾನು ಓಡಿಸುತ್ತಿದ್ದೆ. ಅವಳು ದೋಣಿಯ ಅಂಚಿಗೆ ಎದೆಯಾನಿಸಿ ಬಾಗಿ, ದವಡೆಯ ತುದಿಯಿಂದ ಬಾಲದ ಕವಲಿನವರೆಗೆ ಒಂದು ಅಳತೆ, ಬೆನ್ನ ರೆಕ್ಕೆಯ ಮುಂದೆ ಹೊಟ್ಟೆಯ ಕೆಳಗಿಂದ ಟೇಪು ತೂರಿಸಿ ಇನ್ನೊಂದು ಅಳತೆ ತೆಗೆದು, ಇಕ್ಕಳದಿಂದ ಗಾಳ ಬಿಡಿಸಿ ಮೀನನ್ನು ತಳ್ಳಿಬಿಡುತ್ತಿದ್ದಳು. ಹಂಚಿನ ಮೇಲೆ ಜೋಳದ ರೊಟ್ಟಿ ತಿರುವಿ ಹಾಕುವಷ್ಟೇ ಹೊತ್ತು. ಎಲ್ಲರೂ ಹೊಗಳಿದರು. ಲೆಕ್ಕಕ್ಕೆ ಮುಂಚೆಯೇ ಅವಳ ಬಾಯಿಂದ ಬರುತ್ತಿದ್ದ ಸಂಖ್ಯೆಗೂ ಟೇಪಿನ ಲೆಕ್ಕಕ್ಕೂ ಹೆಚ್ಚು ದೂರವಿರಲಿಲ್ಲ. "ನೋಡಿ, ಟೇಪು ಕಲೀತಾ ಇದೆ," ಅನ್ನುತ್ತಿದ್ದಳು.

ಆ ವರ್ಷದ ದೊಡ್ಡ ಮೀನು ನೂರ ಎಂಬತ್ತನಾಲ್ಕು ಸೆಂಟಿಮೀಟರ್ ಉದ್ದ, ತೊಂಬತ್ತನಾಲ್ಕು ಸುತ್ತಳತೆ, ಐವತ್ತಾರು ಕಿಲೊ. ಹಿಡಿದವನು ಕ್ರಿಸೊಫೊರೊನೇ. ಮೀನಿನ ಬಾಲದ ಮೇಲಿನ ಕವಲಿನಲ್ಲಿ ಯಾವುದೋ ಹಳೆಯ ಕಾಲದಲ್ಲಿ ಶಾರ್ಕ್ ಕಚ್ಚಿ ಒಯ್ದ ಅರ್ಧಚಂದ್ರದ ಗುರುತಿತ್ತು.

ಮರುದಿನ ಬೆಳಿಗ್ಗೆ ಅಲೆತಡೆ ಗೋಡೆಯ ಕಲ್ಲುಗಳ ನಡುವೆ ಹೆಜ್ಜಾರ್ಲೆಗಳು ಗಲಾಟೆ ಮಾಡುತ್ತಿದ್ದವು. ನಾನೂ ಒಬ್ದುಲಿಯಾಳೂ ಕಾಫಿ ಕುಡಿದು ಆ ಕಡೆ ನಡೆದು ಹೋಗಿದ್ದೆವು. ಕಲ್ಲಿಗೆ ಸಿಕ್ಕಿ ಹೊಟ್ಟೆ ಮೇಲಾಗಿ ಒಂದು ಸಾಬಲೊ ಸತ್ತು ಬಿದ್ದಿತ್ತು. ಬಾಲದಲ್ಲಿ ಅರ್ಧಚಂದ್ರ.

ಅವಳು ಚಪ್ಪಲಿ ಬಿಟ್ಟು ಕಲ್ಲುಗಳ ಮೇಲೆ ಇಳಿದು ಹಕ್ಕಿಗಳನ್ನು ಓಡಿಸಿದಳು. ಇಬ್ಬರೂ ಹಗ್ಗ ಹಾಕಿ ಅದನ್ನು ಧಕ್ಕೆಗೆ ಎಳೆದು ತಂದೆವು. ಅವಳು ಬೀಗ ಹಾಕಿದ್ದ ಅಪ್ಪನ ತಕ್ಕಡಿಯನ್ನು ಬಿಚ್ಚಿ ಮೀನನ್ನು ಎತ್ತಿಸಿದಳು. ಆವತ್ತು ಅವಳು ಮುಂಚಿತವಾಗಿ ಏನೂ ಹೇಳಲಿಲ್ಲ. ಮುಳ್ಳು ಐವತ್ತೇಳೂವರೆಗೆ ನಿಂತಿತು.

ಅವಳಿಗೆ ಸಮಾಧಾನವಾಗಲಿ ಎಂದು ನಾನು, "ಕೊಮಾದ್ರೆ, ಟೇಪಿನ ಲೆಕ್ಕ ಸರಿಯಾಗೇ ಇದೆ ನೋಡಿ. ಒಂದೂವರೆ ಕಿಲೊ ಅಷ್ಟೇ ವ್ಯತ್ಯಾಸ," ಅಂದೆ.

"ತೂಕ ಸರಿಯಾಗಿದೆ, ಕೊಂಪಾದ್ರೆ. ಮೀನು ಸತ್ತಿದೆ."

ಮಾಂಸವನ್ನು ಕೊಚ್ಚಿ ಟೊಮೇಟೊ, ಆಲಿವ್ ಹಾಕಿ ಬೇಯಿಸಿ ಓಣಿಯ ಮನೆಗಳಿಗೆಲ್ಲ ಕಳಿಸಿದಳು. ತಾನು ಮುಟ್ಟಲಿಲ್ಲ. ಸಂಜೆ ಜಗಲಿಯಲ್ಲಿ ಕೂತು, "ಓಡೋಗಲಿ ಅಂತ ತಳ್ಳಿದೆ. ಅದಕ್ಕೆ ಓಡೋ ಶಕ್ತಿ ಇದೆಯೋ ಇಲ್ವೋ ಕೇಳಲಿಲ್ಲ. ನಂಗೆ ತೂಗೋದು ಗೊತ್ತು. ಬಿಡೋದು ಗೊತ್ತಿಲ್ಲ," ಅಂದಳು. ನಾಚಿಕೆಯ ದನಿಯಲ್ಲ ಅದು. ಎಂಜಿನ್ನಿನಲ್ಲಿ ಯಾವ ಭಾಗ ಕೆಟ್ಟಿದೆ ಎಂದು ನಾನು ಹೇಳುವ ದನಿ. ಆಮೇಲೆ, "ಗೊತ್ತಿರೋನು ಊರಲ್ಲಿ ಒಬ್ಬನೇ. ಹಾಳಾದವನು," ಅಂದಳು.

ಕಾಸ್ತೊ ಹಿನ್ನೀರಿನ ಆಚೆ ದಡದಲ್ಲಿ, ಕಾಂಡ್ಲಾ ಗಿಡಗಳ ಪಕ್ಕದ ತಗಡಿನ ಮನೆಯಲ್ಲಿ ಒಬ್ಬನೇ ಇದ್ದ. ಬಲೆ ಹಾಕಿ ಬದುಕುವವನು, ಪಂದ್ಯದವರನ್ನು ಕಂಡರೆ ಆಗದವನು. ಅವನನ್ನು ಅವಳು ಹೊರಗೆ ಹಾಕಿದ್ದು ಯಾಕೆಂದು ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದ್ದೇನೆ. ಎರಡು ಬೇರೆ ಬೇರೆ ಕತೆಗಳು ಸಿಕ್ಕಿವೆ. ಸಾಬಲೊಗೆ ಮಾರ್ಕೆಟ್ಟಿನಲ್ಲಿ ಬೆಲೆಯಿಲ್ಲ, ಬಲೆಯಲ್ಲಿ ಸತ್ತರೆ ಶಾರ್ಕ್ ಬಂದು ಮೀನಿನ ಜೊತೆ ಬಲೆಯನ್ನೂ ಹರಿಯುತ್ತದೆ. ಹಾಗಾಗಿ ಸಿಕ್ಕಿಬಿದ್ದ ಸಾಬಲೊವನ್ನು ಬದುಕಿಸಿ ಕಳಿಸುವುದು ಅವನಿಗೆ ಹೊಟ್ಟೆಪಾಡಿನ ವಿದ್ಯೆಯಾಗಿತ್ತು.

ನಾವು ದೋಣಿ ಕಟ್ಟಿ ದಡ ಹತ್ತಿದಾಗ ಅವನು ಬಲೆ ಹೆಣೆಯುತ್ತಿದ್ದ. ತಲೆ ಎತ್ತಲಿಲ್ಲ.

"ದಾರಿ ತಪ್ಪಿತಾ?"

"ದಾರಿ ನಂಗೆ ಗೊತ್ತಿದೆ. ನಿನ್ನ ಬಲೇಲಿ ಸಾಬಲೊ ಸಿಕ್ಕಿದ್ರೆ ಏನ್ ಮಾಡ್ತೀಯಾ?"

"ಕ್ಷಮೆ ಕೇಳ್ತೀನಿ. ನಿನಗೆ ಅದು ಅಭ್ಯಾಸ ಇಲ್ಲ."

"ಕಾಸ್ತೊ, ಜಗಳ ಆಡೋಕೆ ಬಂದಿಲ್ಲ."

"ಹಾಗಾದ್ರೆ ನಿಜವಾಗ್ಲೂ ದಾರಿ ತಪ್ಪಿದೆ." ಈಗ ತಲೆ ಎತ್ತಿದ. ಅವಳ ಮುಖ ನೋಡಿದವನೇ ಬಲೆಯನ್ನು ಪಕ್ಕಕ್ಕಿಟ್ಟ. "ಗೋಡೆ ಹತ್ರ ಸತ್ತಿದ್ದು ನೀನು ಬಿಟ್ಟಿದ್ದಾ?"

"ನಾನೇ."

ಅವನು ಅದರ ಮೇಲೆ ಚುಚ್ಚಬಹುದಿತ್ತು, ಚುಚ್ಚಲಿಲ್ಲ. "ಬಲೇಗೆ ಬಿದ್ದಾಗ ಹೇಳಿಕಳಿಸ್ತೀನಿ. ಬಾಯಲ್ಲಿ ಹೇಳಿದ್ರೆ ಬರೋ ಕೆಲಸ ಅಲ್ಲ," ಅಂದ.

ಆ ವಾರದಲ್ಲೇ ಹೇಳಿಕಳಿಸಿದ. ನಾವು ಹೋದಾಗ ಎದೆಮಟ್ಟದ ನೀರಿನಲ್ಲಿ ನಿಂತು ಒಂದು ಮೀನಿನ ಕೆಳದವಡೆ ಹಿಡಿದುಕೊಂಡಿದ್ದ. ಒಬ್ದುಲಿಯಾ ಲಂಗವನ್ನು ಮಂಡಿಗೆ ಕಟ್ಟಿಕೊಂಡು ಇಳಿದಳು.

"ಕೈ ಮೊದ್ಲು ಒದ್ದೆ ಮಾಡ್ಕೊ. ದವಡೆ ಹಿಡಿ. ಹಲ್ಲಿಲ್ಲ, ಉಜ್ಜೋ ಕಾಗದ ಇದ್ದ ಹಾಗಿದೆ ಅಷ್ಟೇ. ಕಿವಿರಿಗೆ ಬೆರಳು ಹಾಕ್ಬೇಡ. ಮುಖ ಹರಿವಿಗೆ ಎದುರಾಗಿರಲಿ, ನೀರು ಬಾಯಲ್ಲಿ ಹೊಕ್ಕು ಕಿವಿರಲ್ಲಿ ಹೊರಡ್ಲಿ. ಹಿಂದಕ್ಕೂ ಮುಂದಕ್ಕೂ ಎಳೀಬೇಡ, ಅದೇನು ಗರಗಸ ಅಲ್ಲ."

"ಹರಿವಿಲ್ಲದ ಕಡೆ?"

"ದೋಣೀನ ಮೆಲ್ಲಗೆ ಮುಂದಕ್ಕೆ ಓಡಿಸು. ಸೆವೆರೊ ಇದ್ದಾನಲ್ಲ, ಮೆಲ್ಲಗೆ ಹೋಗೋದು ಬಿಟ್ರೆ ಅವನಿಗೆ ಬೇರೇನು ಬರುತ್ತೆ."

"ಎಷ್ಟು ಹೊತ್ತು ಹಿಡೀಬೇಕು?"

"ಗಡಿಯಾರ ಬಿಸಾಕು. ಮೀನೇ ನಿನ್ನ ಕೈ ಅಮುಕುತ್ತೆ. ಒಂದ್ಸಲ ಅಮುಕಿದ್ರೆ ನೋವಿಗೆ. ಬಿಡಬೇಡ. ಇನ್ನೊಂದ್ಸಲ ಅಮುಕಿ ಬಾಲ ಬೀಸಿದ್ರೆ, ಜಗಳಕ್ಕೆ ನಿಂತಿದೆ ಅಂತ. ಆವಾಗ ಬಿಡು."

ಬಹಳ ಹೊತ್ತು ಇಬ್ಬರೂ ನೀರಿನಲ್ಲಿ ನಿಂತಿದ್ದರು. ಕೊನೆಗೆ ಮೀನು ಅಮುಕಿತು, ಮತ್ತೆ ಅಮುಕಿತು, ಬಾಲ ಬೀಸಿ ಇಬ್ಬರ ಮುಖಕ್ಕೂ ನೀರೆರಚಿ ಹೋಯಿತು. ಒಬ್ದುಲಿಯಾ ಮುಖ ಒರೆಸಿಕೊಂಡಳು.

"ಇದರಲ್ಲಿ ಕಾಲುಭಾಗ ತಾಳ್ಮೆ ನನ್ನ ಹತ್ರ ತೋರಿಸಿದ್ರೆ ಇವತ್ತಿಗೂ ಒಂದೇ ಮನೇಲಿ ಇರ್ತಿದ್ವಿ."

"ನೀನು ಯಾವತ್ತು ಸುಸ್ತಾಗಿದ್ದೆ?" ಅಂದ ಕಾಸ್ತೊ.

ಮುಂದಿನ ಪಂದ್ಯಕ್ಕೆ ಮುಂಚೆ ಕ್ಲಬ್ಬಿನ ಸಭೆಯಲ್ಲಿ ಒಬ್ದುಲಿಯಾ ಎದ್ದು ನಿಂತು ಕಡ್ಡಿ ಮುರಿದ ಹಾಗೆ ಹೇಳಿದಳು. ಸಣ್ಣ ದಾರ ಕಟ್ಟಿ ಮೀನನ್ನು ಗಂಟೆಗಟ್ಟಲೆ ದಣಿಸುವಂತಿಲ್ಲ, ದಪ್ಪ ದಾರವೇ ಆಗಬೇಕು. ಫೋಟೊಗೆ ಅಂತ ದೋಣಿಯೊಳಗೆ ಎಳೆದುಕೊಳ್ಳುವಂತಿಲ್ಲ. ಮೊದಲು ಮೀನು ಉಸಿರಾಡಬೇಕು, ಆಮೇಲೆ ಟೇಪು. ಮುಕ್ತಾಯದ ಕಹಳೆ ಊದುವ ಮುಂಚೆ ಅಳತೆಯಾಗದ ಮೀನು ಲೆಕ್ಕಕ್ಕಿಲ್ಲ ಎಂಬ ಹಳೆಯ ನಿಯಮವಂತೂ ಇದ್ದೇ ಇತ್ತು.

"ಮೀನಿಗೆ ಕಾಲು ಒತ್ತಿ, ಹಾಸಿಗೆ ಹಾಸಿ ಕಳಿಸ್ಬೇಕಾ?" ಕ್ರಿಸೊಫೊರೊ ಕೇಳಿದ.

"ನಿಮ್ಮ ಅಂಗಡಿಗೆ ಬರೋ ಹಂದಿಗೆ ನೀವು ಒತ್ತಿ. ಇದಕ್ಕೆ ನಾನಿದ್ದೀನಿ."

ಅಬುಂದಿಯೊ ನಗು ತಡೆದುಕೊಂಡು ನಿಯಮಗಳನ್ನು ಒಪ್ಪಿಸಿದ.

ಆ ವರ್ಷದ ಪಂದ್ಯದ ಕೊನೆಯ ದಿನ ಮಧ್ಯಾಹ್ನ ತೆಂಕಣ ಗಾಳಿ ಬಿಸಿಯಾಗಿ ಬೀಸುತ್ತಿತ್ತು. ಕ್ರಿಸೊಫೊರೊನ ಹೆಸರಿಗೆ ಅಲ್ಲಿಯವರೆಗೆ ಒಂದೂ ಮೀನಿರಲಿಲ್ಲ. ಪಂದ್ಯ ಮುಗಿಯಲು ಇನ್ನೇನು ಸ್ವಲ್ಪ ಹೊತ್ತು ಇದೆ ಎನ್ನುವಾಗ ಅವನ ಗಾಳಕ್ಕೆ ಒಂದು ಮೀನು ಬಿತ್ತು. ಅದು ಮೊದಲ ಸಲ ನೀರಿನಿಂದ ಮೇಲೆ ನೆಗೆದಾಗ ಅಳಿವೆಯಲ್ಲಿದ್ದ ದೋಣಿಯವರೆಲ್ಲ ಆ ಕಡೆ ತಿರುಗಿದರು. ಅಂಥ ಮೀನನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಬಿದ್ದಾಗ ಕುದುರೆಯೊಂದನ್ನು ಸೇತುವೆಯಿಂದ ನೂಕಿದ ಹಾಗೆ ನೀರು ಎದ್ದಿತು.

ಕ್ರಿಸೊಫೊರೊ ಕಸುಬು ಬಲ್ಲವನು, ಅದನ್ನು ಒಪ್ಪಬೇಕು. ಬೆನ್ನು ಬಾಗಿಸಿ ಬೆವರು ಸುರಿಸಿ ಮೀನನ್ನು ಪಕ್ಕಕ್ಕೆ ತಂದ. ನಾವು ತಲುಪಿದಾಗ ಮೀನು ಒಂದು ಮಗ್ಗುಲಾಗಿ ತೇಲುತ್ತಿತ್ತು, ಕಿವಿರು ನಿಂತುನಿಂತು ಬಡಿಯುತ್ತಿತ್ತು. ಒಬ್ದುಲಿಯಾ ಕೈ ಒದ್ದೆ ಮಾಡಿಕೊಂಡು ದವಡೆ ಹಿಡಿದಳು, ಗಾಳ ಬಿಡಿಸಿದಳು.

"ಅಳೀರಿ," ಅಂದ ಕ್ರಿಸೊಫೊರೊ ತನ್ನ ದೋಣಿಯಿಂದ. "ಬೇಗ ಅಳೀರಿ, ಸೆನ್ಯೋರಾ. ಹೊತ್ತಾಯ್ತು."

"ಉಸಿರು ಬರಲಿ."

"ಮೊದ್ಲು ಅಳೆದ್ಬಿಡಿ, ಆಮೇಲೆ ಇಡೀ ರಾತ್ರಿ ಉಸಿರು ಬರಿಸ್ತಾ ಕೂತ್ಕೊಳಿ. ಒಂದು ನಿಮಿಷದ ಕೆಲಸ."

"ಹೋದ ವರ್ಷ ಮೊದ್ಲು ಅಳೆದೆ, ದೊನ್ ಕ್ರಿಸೊಫೊರೊ. ನಿಮ್ಮ ಮೀನೇ ಅದು."

ಆಗ ನಾನು ಹಿಂದೆ ತಿರುಗಿ ನೋಡಿದೆ. ಕೆಂಪು ನೀರಿನ ಗೆರೆಯ ಒಳಗೆ ಒಂದು ಅಗಲವಾದ ಬೂದು ನೆರಳು ನಿಧಾನವಾಗಿ ತಿರುಗಿತು. ಬೆನ್ನ ರೆಕ್ಕೆ ಒಂದು ಸಲ ಮೇಲೆ ಬಂದು ಮುಳುಗಿತು. ಅಳಿವೆಯ ಶಾರ್ಕುಗಳಿಗೆ ದಣಿದ ಮೀನಿನ ವಾಸನೆ ಗೊತ್ತು.

"ಕೊಮಾದ್ರೆ, ಹಿಂದೆ ಇದೆ."

ಅವಳು ಕತ್ತು ತಿರುಗಿಸಲಿಲ್ಲ. "ನಿಲ್ಲಿಸಿದ್ರೆ ಬಂದು ಕಚ್ಚುತ್ತೆ. ಈಗ ಕೈಬಿಟ್ರೆ ಇದು ಮುಳುಗುತ್ತೆ, ಆಗ್ಲೂ ಕಚ್ಚುತ್ತೆ. ಹಿನ್ನೀರಿನ ಕಡೆ ತಿರುಗಿಸಿ. ಮೆಲ್ಲಗೆ. ಹರಿವಿಗೆ ಎದುರಾಗೇ ಇರ್ತೀವಿ." ಆಮೇಲೆ ಪಕ್ಕದ ದೋಣಿಗೆ ಕೂಗಿದಳು. "ಕ್ರಿಸೊಫೊರೊ, ನಿನ್ನ ದೋಣಿ ನಮ್ಮ ಬೆನ್ನಿಗೆ ತಂದ್ಕೊ. ಎಂಜಿನ್ ಗಟ್ಟಿಯಾಗಿ ಒದರಿಸು. ಶಾರ್ಕಿಗೂ ಮೀನಿಗೂ ಮಧ್ಯೆ ನೀನಿರಬೇಕು."

"ನನ್ನ ಮೀನು ಅಳೀದೆ ನನ್ನನ್ನೇ ಕಾವಲಿಗೆ ನಿಲ್ಲಿಸ್ತೀಯಾ?"

"ನಿನ್ನ ಮೀನು ತಾನೇ, ಕಾಯಿ."

ಬೈದ. ಅಲ್ವರಾದೊದವರ ಬೈಗುಳ ಇಡೀ ಕರಾವಳಿಯಲ್ಲಿ ಪ್ರಸಿದ್ಧ, ಕ್ರಿಸೊಫೊರೊ ಆವತ್ತು ಊರಿನ ಹೆಸರು ಉಳಿಸಿದ. ಆದರೆ ಬೈಯುತ್ತಲೇ ದೋಣಿಯನ್ನು ನಮ್ಮ ಹಿಂದೆ ತಂದುಕೊಂಡ, ಎಂಜಿನ್ನನ್ನು ಒದರಿಸಿದ, ಹುಟ್ಟು ಹಿಡಿದು ನೀರನ್ನು ಬಡಿದ. ನೆರಳು ಒಮ್ಮೆ ಎಡಕ್ಕೆ ಬಂತು, ಅವನು ಎಡಕ್ಕೆ ತಿರುಗಿಸಿದ. ಬಲಕ್ಕೆ ಬಂತು, ಅವನೂ ಬಲಕ್ಕೆ ಬಂದ. ನಾನು ಎಂಜಿನ್ನುಗಳ ನಡುವೆ ಅವುಗಳ ಹೊಗೆ ಕುಡಿಯುತ್ತ, ನಡೆಯಲು ಕಲಿಯುತ್ತಿರುವ ಮಗುವಿನ ವೇಗದಲ್ಲಿ ದೋಣಿ ನಡೆಸಿದೆ. ಒಬ್ದುಲಿಯಾಳ ಎರಡೂ ತೋಳು ಭುಜದವರೆಗೆ ನೀರಿನಲ್ಲಿದ್ದವು. ಮೀನಿನ ಜೊತೆ ಏನೋ ಮಾತಾಡುತ್ತಿದ್ದಳು. ಪ್ರಾರ್ಥನೆ ಇರಬಹುದೆಂದು ಕಿವಿಗೊಟ್ಟೆ. "ಎಳಿ ಉಸಿರು, ಸೋಮಾರಿ. ಇಷ್ಟು ಬೆಳೆದಿದ್ದೀಯ, ನಿನ್ನ ಮೈಗೆ ನಾಚಿಕೆ ಆಗಲ್ವಾ," ಅನ್ನುತ್ತಿದ್ದಳು.

ಗೋಡೆಯ ತುದಿ ದಾಟಿದೆವು. ಧಕ್ಕೆ ದಾಟಿದೆವು. ಅಲ್ಲಿ ನಿಂತಿದ್ದ ಜನ ಏನಾಗುತ್ತಿದೆಯೆಂದು ತಿಳಿಯದೆ ಕೈ ಬೀಸಿದರು. ಹಿನ್ನೀರು ಅಗಲವಾಗುವಲ್ಲಿಗೆ ಬಂದಾಗ ನಮ್ಮ ಬೆನ್ನ ಹಿಂದೆ ಕಹಳೆ ಮೊಳಗಿತು. ಕ್ರಿಸೊಫೊರೊನ ಎಂಜಿನ್ನಿನ ಸದ್ದು ಇಳಿದುಹೋಯಿತು. ತಿರುಗಿ ನೋಡಿದರೆ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಿದ್ದ. ಶಾರ್ಕು ಎಲ್ಲೂ ಕಾಣಲಿಲ್ಲ.

"ಬಂತು," ಅಂದಳು ಒಬ್ದುಲಿಯಾ. "ಒಂದ್ಸಲ ಅಮುಕ್ತು."

ನಾನು ದೋಣಿಯನ್ನು ಹಾಗೇ ನಡೆಸಿದೆ. ಮೀನು ತಾನಾಗಿ ಬೆನ್ನು ಮೇಲಾಗಿ ನಿಂತಿತು. ಆಮೇಲೆ ಅವಳ ಭುಜ ಜಗ್ಗಿದ್ದು ನನಗೂ ಕಂಡಿತು. ದವಡೆ ಎರಡನೇ ಸಲ ಬಿಗಿಯಿತು, ಬಾಲ ಬೀಸಿತು, ಅವಳು ಕೈ ತೆರೆದಳು. ಮೀನು ಸ್ವಲ್ಪ ದೂರದಲ್ಲಿ ಮೇಲೆ ಬಂದು, ಸಾಬಲೊಗಳು ಮಾಡುವ ಹಾಗೆ ಗಾಳಿಯನ್ನು ಒಂದು ಗುಟುಕು ನುಂಗಿ, ಮೈಯುದ್ದಕ್ಕೂ ಬೆಳ್ಳಿ ತೋರಿಸಿ ಕೆಳಗಿಳಿಯಿತು. ಟೇಪು ಅವಳ ಜೇಬಿನಲ್ಲೇ ಇತ್ತು.

ಕ್ರಿಸೊಫೊರೊನ ದೋಣಿ ತೇಲುತ್ತ ನಮ್ಮ ಪಕ್ಕಕ್ಕೆ ಬಂದು ತಾಗಿತು. ಅವನ ಗಂಟಲು ಬೈದು ಬೈದು ಒಣಗಿಹೋಗಿತ್ತು.

"ಎಷ್ಟಿತ್ತು?" ಅಂತ ಕೇಳಿದ.

"ಅಳೀಲಿಲ್ಲ. ನಿಯಮ ನಿಮಗೂ ಗೊತ್ತು."

"ನಿಯಮ ಕೇಳಲಿಲ್ಲ. ಇಷ್ಟು ವರ್ಷ ಮುಳ್ಳು ನಿಲ್ಲೋದ್ರೊಳಗೆ ಹೇಳ್ತಿದ್ರಲ್ಲ. ಈಗ ಹೇಳಿ. ನನಗೆ ಗೊತ್ತಾಗ್ಬೇಕು."

ಅವಳು ಕೂತು ಲಂಗದ ನೀರು ಹಿಂಡಿದಳು. ದವಡೆ ಉಜ್ಜಿ ಅವಳ ಹೆಬ್ಬೆರಳುಗಳ ಚರ್ಮ ಕೆಂಪಾಗಿ ಎದ್ದಿತ್ತು. ಅವನ ಮುಖವನ್ನೇ ನೋಡಿ, "ತೊಂಬತ್ತೊಂದು," ಅಂದಳು. "ನನ್ನ ಅಪ್ಪನ ತಕ್ಕಡಿಗೆ ಇಷ್ಟು ತೂಕದ್ದು ಯಾವತ್ತೂ ಏರಿಲ್ಲ. ಆದ್ರೆ ಇದು ಬಾಯಿತೂಕ, ದೊನ್ ಕ್ರಿಸೊಫೊರೊ. ಬಹುಮಾನ ಟೇಪಿಗೆ ಮಾತ್ರ."

"ಅಬುಂದಿಯೊ ಹತ್ರ ಹೇಳ್ತೀರಾ?"

"ಯಾರು ಕೇಳಿದ್ರೂ ಹೇಳ್ತೀನಿ. ಬರೆದು ಕೊಡಲ್ಲ."

ಹಾಗೇ ಆಯಿತು. ಬಹುಮಾನ ನಲವತ್ತೊಂಬತ್ತು ಕಿಲೊದ ಮೀನು ಹಿಡಿದ ಒಬ್ಬ ಸ್ಕೂಲ್ ಬಸ್ ಡ್ರೈವರಿಗೆ ಹೋಯಿತು. ಕ್ರಿಸೊಫೊರೊ ಸಮಾರಂಭಕ್ಕೆ ಬರಲಿಲ್ಲ. ಅದಾದ ಮೇಲೆ ಬಹಳ ದಿನ ಅವನ ಅಂಗಡಿಯಲ್ಲಿ ಒಬ್ದುಲಿಯಾ ಒಂದು ಕಿಲೊ ಮಾಂಸ ಕೇಳಿದರೆ ಮುಕ್ಕಾಲು ಕಿಲೊ ಮೂಳೆಯೇ ಬರುತ್ತಿತ್ತು. ಅವಳು ಅದನ್ನು ತಗೊಂಡು, "ಮೂಳೆ ಚೆನ್ನಾಗಿದೆ, ಸಾರಿಗೆ ಆಗುತ್ತೆ," ಅಂದು ಬರುತ್ತಿದ್ದಳು. ಬೇರೆ ಅಂಗಡಿಗೆ ಹೋಗಲಿಲ್ಲ.

ಆದರೆ ಊರಿನಲ್ಲಿ ಯಾರೂ ಬಸ್ ಡ್ರೈವರಿನ ಮೀನಿನ ಸುದ್ದಿ ಮಾತಾಡಲಿಲ್ಲ. ಎಲ್ಲರೂ ಮಾಂಸದಂಗಡಿಗೆ ಹೋಗಿ ಕೇಳುತ್ತಿದ್ದದ್ದು ತೊಂಬತ್ತೊಂದರ ಕತೆ. ಮೊದಮೊದಲು ಕ್ರಿಸೊಫೊರೊ ಸಿಡುಕುತ್ತ ಹೇಳುತ್ತಿದ್ದ. ಬರಬರುತ್ತ ಕತ್ತಿಯನ್ನು ಕೆಳಗಿಟ್ಟು ಹೇಳತೊಡಗಿದ. ಶಾರ್ಕ್ ಎಡಕ್ಕೆ ಬಂದದ್ದು, ತಾನು ಎಡಕ್ಕೆ ತಿರುಗಿಸಿದ್ದು, ಹುಟ್ಟಿನಿಂದ ಅದರ ಮೂತಿಗೆ ಹೊಡೆದದ್ದು. ಮೂತಿಗೆ ಅವನು ಹೊಡೆಯಲಿಲ್ಲ, ನಾನು ನೋಡಿದ್ದೇನೆ, ಆದರೆ ಅದನ್ನು ಹೇಳಿದರೆ ನನಗೂ ಮೂಳೆಯೇ ಗತಿ. ಯಾರಾದರೂ ನಂಬದಿದ್ದರೆ, "ನಾನು ಹೇಳ್ತಿಲ್ಲ, ಒಬ್ದುಲಿಯಾ ಹೇಳಿದ್ದು. ಹೋಗಿ ಕೇಳಿ," ಅನ್ನುತ್ತಿದ್ದ. ಅವರು ಬಂದು ಕೇಳುತ್ತಿದ್ದರು. ಅವಳು "ತೊಂಬತ್ತೊಂದು" ಅನ್ನುತ್ತಿದ್ದಳು. ಒಂದು ಶನಿವಾರ ಅವಳಿಗೆ ಕೊಟ್ಟ ಪೊಟ್ಟಣದಲ್ಲಿ ಮೂಳೆಯೇ ಇರಲಿಲ್ಲ.

ಕಾಸ್ತೊನನ್ನು ಪಂದ್ಯದ ಮುಂಚೆ ಒಂದು ದಿನ ದೋಣಿಯವರಿಗೆಲ್ಲ ಕಲಿಸಲು ಬಾ ಎಂದು ಅಬುಂದಿಯೊ ಕರೆದ. ಕ್ಲಬ್ಬಿನ ಮೆಟ್ಟಿಲು ಹತ್ತುವುದಿಲ್ಲ ಅಂದ ಕಾಸ್ತೊ. ಹಾಗಾದರೆ ಮೆಟ್ಟಿಲ ಕೆಳಗೆ, ನೀರಿನಲ್ಲೇ ನಿಂತು ಕಲಿಸು ಅಂದಳು ಒಬ್ದುಲಿಯಾ. ಬಂದ. ಈಗ ಪ್ರತಿ ವರ್ಷ ಬರುತ್ತಾನೆ. ತಿಂಡಿಯ ಹೊತ್ತಿಗೆ ಅವಳ ಮನೆಯ ಜಗಲಿಯಲ್ಲಿ ಕೂತು ಹುರುಳಿ ತುಂಬಿದ ದಪ್ಪ ರೊಟ್ಟಿ ತಿನ್ನುತ್ತಾನೆ. ಹೊಸ್ತಿಲು ದಾಟುವುದಿಲ್ಲ, ಅವಳು ದಾಟು ಅನ್ನುವುದೂ ಇಲ್ಲ.

ಅಲೆತಡೆ ಗೋಡೆಯ ಹತ್ತಿರ ಸತ್ತ ಮೀನು ಆಮೇಲೂ ಒಂದೆರಡು ಸಿಕ್ಕಿವೆ. ಎಲ್ಲವೂ ಬದುಕುತ್ತವೆ ಎಂದು ಅವಳು ಯಾರಿಗೂ ಮಾತು ಕೊಟ್ಟಿಲ್ಲ. ಪಂದ್ಯ ಮುಗಿದ ಮರುದಿನ ಬೆಳಿಗ್ಗೆ ಗೋಡೆಯುದ್ದಕ್ಕೂ ನಡೆದು ನೋಡಿ ಬರುವುದನ್ನು ಮಾತ್ರ ಬಿಟ್ಟಿಲ್ಲ.

ಹೋದ ಚಳಿಗಾಲದಲ್ಲಿ ನನ್ನ ಮಂಡಿ ಕೆಟ್ಟಿತು. ಕುಣಿಯುವ ದೋಣಿಯಲ್ಲಿ ನಿಲ್ಲಲಾಗುವುದಿಲ್ಲ. ಈ ಮೇ ತಿಂಗಳಿನಿಂದ ನನ್ನ ಮಗಳು ಟೇಪು ಹಿಡಿದು ಬಾಗುತ್ತಾಳೆ, ದೋಣಿ ನಡೆಸುವವಳು ಒಬ್ದುಲಿಯಾ. ಹೊರಟ ದಿನ ಧಕ್ಕೆಯ ಕಂಬಕ್ಕೆ ಒಂದು ಸಲ, ಅಬುಂದಿಯೊನ ದೋಣಿಗೆ ಒಂದು ಸಲ ಗುದ್ದಿದಳು.

ನಾನು ದಡದಿಂದ, "ಕೊಮಾದ್ರೆ, ಎಡಕ್ಕೆ," ಅಂತ ಕೂಗಿದೆ.

"ಕಂಬ ನೆಟ್ಟಿರೋದೇ ಸರಿಯಿಲ್ಲ, ಕೊಂಪಾದ್ರೆ," ಅಂದು ಎಂಜಿನ್ ಜೋರು ಮಾಡಿಕೊಂಡು ಅಳಿವೆಯ ಕಡೆ ಹೋದಳು.